ಶ್ರವಣನಿಗೊಂದು ಎಲೆ

ಕಾಪುವಿನ ಕುಶಲಾ ಮೀನು ಮಾರಲು ಹೊರಟದ್ದು ಮದುವೆಯಾದ ಮರುವರ್ಷ. ಅಂದಿನಿಂದ ಅವಳಿಗೆ ಬೆಳಗಾಗುವುದು ಮಲ್ಪೆ ಬಂದರಿನಲ್ಲಿ. ಊರಿನ ನಾಲ್ಕಾರು ಹೆಂಗಸರು ಸೇರಿ ಗೊತ್ತು ಮಾಡಿಕೊಂಡ ಟೆಂಪೋದಲ್ಲಿ ಹೋಗಿ, ಏಲಂ ಕೂಗುವವನ ಬಾಯಿಗೆ ಸರಿಯಾಗಿ ತಾನೂ ಬಾಯಿ ಮಾಡಿ, ಬೂತಾಯಿಯೋ ಬಂಗುಡೆಯೋ ಹಿಡಿದು, ಮೇಲೆ ಐಸ್ ಸುರಿಸಿಕೊಂಡು ಬಂದು ಇನ್ನಂಜೆಯಲ್ಲಿ ಇಳಿಯುತ್ತಾಳೆ. ಅಲ್ಲಿಂದ ಮುಂದೆ ಕಾಲುದಾರಿ. ಗದ್ದೆಯ ಬದು ದಾಟಿ, ಮಲ್ಲಿಗೆ ಗಿಡಗಳ ಬೇಲಿ ಹಾದು, ಒಂದೊಂದೇ ಅಂಗಳದಲ್ಲಿ ಬುಟ್ಟಿ ಇಳಿಸುತ್ತಾಳೆ. ಅವಳ ಧ್ವನಿ ಅವಳಿಗಿಂತ ಮೊದಲು ಮನೆ ತಲುಪುತ್ತದೆ ಎಂದು ಇನ್ನಂಜೆಯವರು ತಮಾಷೆ ಮಾಡುತ್ತಿದ್ದರು.

ಆ ಅಂಗಳಗಳಲ್ಲಿ ಒಂದು ಆಂಜೆಲಾ ಬಾಯಿಯದ್ದು. ಕೊಂಕಣಿ ಮಾತಾಡುವ ಕ್ರೈಸ್ತರ ಮನೆ. ಗಂಡ ಸಿಲ್ವೆಸ್ಟರ್ ಮಸ್ಕತ್‌ನಲ್ಲಿ ಕೆಲಸದಲ್ಲಿದ್ದಾಗಲೇ ತೀರಿಕೊಂಡಿದ್ದ; ದೇಹವನ್ನು ಊರಿಗೆ ತರಲಾಗದೆ ಅಲ್ಲೇ ಮಣ್ಣು ಮಾಡಿದ್ದರು. ಮನೆಯಲ್ಲಿ ಉಳಿದವರು ಆಂಜೆಲಾ ಮತ್ತು ಮಗ ಶೆಲ್ಡನ್. ಈ ಅಂಗಳದಲ್ಲಿ ಬುಟ್ಟಿ ಇಳಿಸಿದರೆ ಕುಶಲಾ ಸುಲಭಕ್ಕೆ ಏಳುತ್ತಿರಲಿಲ್ಲ.

"ಇದು ನಿನ್ನೆಯದ್ದಾ, ಮೊನ್ನೆಯದ್ದಾ ಕುಶಲಾ?"

"ಬಾಯಮ್ಮ, ಈ ಬಂಗುಡೆ ಟೆಂಪೋದಲ್ಲಿ ನನ್ನ ಹತ್ತಿರ ಸುಖದುಃಖ ಮಾತಾಡಿಕೊಂಡು ಬಂದದ್ದು. ಬೇಕಾದರೆ ಕಿವಿರು ಎತ್ತಿ ನೋಡಿ."

"ನಿನ್ನ ಮಾತು ಕೇಳಿಯೇ ಸತ್ತಿರಬೇಕು, ಪಾಪ."

ಹೀಗೆ ಶುರುವಾದದ್ದು ಚಹಾದಲ್ಲಿ ಮುಗಿಯುತ್ತಿತ್ತು. ಶಾಲೆಗೆ ರಜೆ ಇದ್ದಾಗ ಕುಶಲಾಳ ಮಗ ಶ್ರವಣ್ ಅಮ್ಮನ ಹಿಂದೆ ಬರುತ್ತಿದ್ದ. ಅವನೂ ಶೆಲ್ಡನ್ನೂ ಒಂದೇ ವಯಸ್ಸಿನವರು. ಅಂಗಳದ ಆಟ ದೊಡ್ಡವರಾದ ಮೇಲೆ ಬೈಕಿನ ತಿರುಗಾಟವಾಯಿತು. ಶ್ರವಣ್ ಮಲ್ಪೆಯಲ್ಲಿ ಟ್ರಾಲ್ ಬೋಟು ಹತ್ತಿದ. ಶೆಲ್ಡನ್ ಡೀಸೆಲ್ ಇಂಜಿನ್ ಕೆಲಸ ಕಲಿತು ಅದೇ ಬಂದರಿನ ಒಂದು ವರ್ಕ್‌ಶಾಪಿಗೆ ಸೇರಿದ. ಒಬ್ಬ ನೀರಿನ ಮೇಲೆ, ಇನ್ನೊಬ್ಬ ದಡದಲ್ಲಿ; ಬೋಟು ದಡಕ್ಕೆ ಬಂದ ಸಂಜೆ ಇಬ್ಬರೂ ಒಂದೇ ಬೈಕಿನಲ್ಲಿ ಮನೆಗೆ.

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಮತ್ತೆ ಇಳಿದಿದ್ದ ವೇಳೆ ಅದು. ಶ್ರವಣನ ಬೋಟಿನ ಇಂಜಿನ್ನನ್ನು ಪೂರ್ತಿ ಬಿಚ್ಚಿ ಜೋಡಿಸಿದವನು ಶೆಲ್ಡನ್. ಒಂದು ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದ ಆಂಜೆಲಾಳ ಅಂಗಳದಲ್ಲಿ, ಎರಡೂ ತಾಯಂದಿರ ಎದುರಿಗೇ, ಶ್ರವಣ್ ಗೆಳೆಯನನ್ನು ಕೆಣಕಿದ.

"ನೀನೇ ಮಾಡಿದ ಇಂಜಿನ್. ಧೈರ್ಯ ಉಂಟಾದರೆ ಒಂದು ಟ್ರಿಪ್ ಬಂದು ನೋಡು ಮಾರಾಯ."

"ಅವನಿಗೆ ಈಜಲಿಕ್ಕೆ ಬರುವುದಿಲ್ಲ," ಎಂದಳು ಆಂಜೆಲಾ.

"ನಾನು ಉಂಟಲ್ಲ ಬಾಯಮ್ಮ," ಎಂದ ಶ್ರವಣ್.

ಕುಶಲಾ ಆಗ ನಕ್ಕಿದ್ದಳು. ಆ ನಗೆಯನ್ನು ಅವಳು ಮುಂದೆ ಹಲವು ಸಲ ನೆನೆದಳು.

ಶೆಲ್ಡನ್‌ನನ್ನೂ ಹತ್ತಿಸಿಕೊಂಡು ಬೋಟು ಹೊರಟ ಮೂರನೆಯ ದಿನ ಗಾಳಿ ಎದ್ದಿತು. ಬೋಟಿನಲ್ಲಿ ಐದು ಜನ. ಮಗುಚಿದಾಗ ಮೂವರನ್ನು ಸಮೀಪದಲ್ಲಿದ್ದ ಇನ್ನೊಂದು ಬೋಟಿನವರು ಎತ್ತಿಕೊಂಡರು. ಅವರು ದಡಕ್ಕೆ ಬಂದು ಹೇಳಿದ್ದು ಇಷ್ಟು: ನೀರು ನುಗ್ಗಿದಾಗ ಶೆಲ್ಡನ್ ಕೆಳಗೆ ಇಂಜಿನ್ ಬಳಿ ಇದ್ದ. ಶ್ರವಣ್ ಮೇಲೆಯೇ ಇದ್ದ, ಹಾರಬಹುದಿತ್ತು. ಅವನನ್ನು ಕರೆಯಲು ಇಳಿದ.

ಹುಡುಕಾಟ ನಡೆಯಿತು. ಕುಶಲಾಳ ಗಂಡ ಸುಂದರ ಒಂದು ಕಾಲದಲ್ಲಿ ದಡದಿಂದ ಎಳೆಯುವ ಕೈರಂಪಣಿ ಬಲೆಯ ಗುಂಪಿನಲ್ಲಿದ್ದವನು. ಅಲೆ ಯಾವಾಗ ಏನನ್ನು ಎಲ್ಲಿ ತಂದು ಹಾಕುತ್ತದೆ ಎಂದು ಅವನಿಗೆ ಅಂದಾಜಿತ್ತು. ಬೆಳಗಾದರೆ ದಡ ಹಿಡಿದು ನಡೆದು ಹೋಗುವನು, ಸಂಜೆ ಬಂದು ಕಾಲು ತೊಳೆಯುವನು. ಮಗಳು ಆಶ್ರಿತಾ ಫೋನನ್ನು ಕೈಯಿಂದ ಕೆಳಗಿಡಲಿಲ್ಲ. ಕುಶಲಾ ಮನೆಯಲ್ಲಿ ಕೂರಲಾರದೆ ಒಂದು ವಾರಕ್ಕೆ ಮತ್ತೆ ಬುಟ್ಟಿ ಎತ್ತಿಕೊಂಡಳು. ಬಂದರಿನಲ್ಲಿದ್ದರೆ ಸುದ್ದಿ ಮೊದಲು ತನಗೇ ಸಿಗುತ್ತದೆ ಎಂಬುದು ಅವಳ ಲೆಕ್ಕ.

ಇನ್ನಂಜೆಯ ಮನೆಗಳಿಗೆ ಅವಳು ಹೋಗಲಿಲ್ಲ. ಬಸ್ಸು ಹತ್ತಿ ಉಡುಪಿಯ ಕಡೆ ಹೊಸ ಮನೆಗಳನ್ನು ಹುಡುಕಿದಳು. ಅಲ್ಲಿ ಒಬ್ಬಾಕೆ ಬಾಗಿಲು ತೆರೆದು, ಬುಟ್ಟಿ ನೋಡಿ, ಎರಡು ಹೆಜ್ಜೆ ಹಿಂದೆ ಸರಿದಳು.

"ಈಗ ಮೀನು ಬೇಡ ಮಾರಾಯ್ತಿ. ಸಮುದ್ರದಲ್ಲಿ ಇಬ್ಬರು ಹೋಗಿದ್ದಾರಲ್ಲ, ಬಾಡಿ ಸಿಕ್ಕಿಲ್ಲ. ತಿನ್ನಲಿಕ್ಕೆ ಮನಸ್ಸು ಬರುವುದಿಲ್ಲ."

ಕುಶಲಾ ಬುಟ್ಟಿಯ ಮೇಲಿನ ಗೋಣಿಯನ್ನು ಸರಿ ಮಾಡಿದಳು. "ಹೌದು," ಎಂದಳು, "ಯಾರಿಗೂ ಮನಸ್ಸು ಬರುವುದಿಲ್ಲ." ಮುಂದಿನ ಗೇಟಿನಲ್ಲೂ ಅದೇ ಮಾತು. ಆ ದಿನ ಅವಳು ಮೀನನ್ನು ಯಾರಿಗೂ ಮಾರಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದೆ ಬುಟ್ಟಿಯನ್ನು ಬೋರಲು ಹಾಕಿ ಬಂದಳು.

ಆಮೇಲೆ ಕುಂದಾಪುರದ ಆಚೆ ದಡಕ್ಕೆ ಒಂದು ದೇಹ ಬಂತು. ಯಾರದೆಂದು ಹೇಳುವ ಹಾಗೆ ಸಮುದ್ರ ಏನನ್ನೂ ಉಳಿಸಿರಲಿಲ್ಲ. ಇಬ್ಬರು ಹುಡುಗರೂ ಹೆಚ್ಚುಕಡಿಮೆ ಒಂದೇ ಎತ್ತರ, ಒಂದೇ ಮೈಕಟ್ಟು. ದೇಹವನ್ನು ಮಣಿಪಾಲದ ಶವಾಗಾರದಲ್ಲಿಟ್ಟರು. ಪೊಲೀಸರು ಇಬ್ಬರು ತಾಯಂದಿರನ್ನೂ ಡಿಎನ್‌ಎ ಪರೀಕ್ಷೆಗೆ ರಕ್ತ ಕೊಡಲು ಕರೆಸಿದರು.

ಉದ್ದನೆಯ ಕಾರಿಡಾರಿನಲ್ಲಿ ಒಂದೇ ಬೆಂಚು. ಆಂಜೆಲಾಳ ಕೈಯಲ್ಲಿ ಜಪಮಾಲೆ, ಕುಶಲಾಳ ಸೆರಗಿನ ತುದಿಯಲ್ಲಿ ಮಾರಿಗುಡಿಯ ಪ್ರಸಾದದ ಗಂಟು. ಸೂಜಿ ಚುಚ್ಚಿದ ಜಾಗಕ್ಕೆ ಹತ್ತಿ ಒತ್ತಿ ಹಿಡಿದುಕೊಂಡು ಇಬ್ಬರೂ ಪಕ್ಕಪಕ್ಕ ಕುಳಿತರು. ಕುಶಲಾ ಕಣ್ಣು ಮುಚ್ಚಿ ಬೇಡಿಕೊಂಡಳು: ಅಮ್ಮಾ, ಒಳಗಿರುವುದು ನನ್ನವನಾಗದಿರಲಿ. ಕಾಣೆಯಾದವರು ಇಬ್ಬರೇ. ತನ್ನವನಲ್ಲ ಎಂದರೆ ಮತ್ತೆ ಯಾರು ಎಂದು ದೇವಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ಬೇಡುತ್ತಿರುವಾಗ ಆಂಜೆಲಾಳ ಮೊಣಕೈ ಅವಳ ಮೊಣಕೈಗೆ ತಾಗುತ್ತಿತ್ತು.

ಫಲಿತಾಂಶ ಬರಲು ವಾರಗಳೇ ಹಿಡಿದವು. ಬಂದಾಗ ಠಾಣೆಯಿಂದ ಫೋನು ಸುಂದರನಿಗೆ ಬಂತು. ಅವನು ಕೇಳಿಸಿಕೊಂಡು, ಫೋನು ಕೆಳಗಿಟ್ಟು, "ನಮ್ಮವನಲ್ಲ" ಎಂದ. ಕುಶಲಾ ಅಡುಗೆ ಮನೆಯ ಬಾಗಿಲಲ್ಲಿದ್ದಳು. ಅವಳ ಎದೆಯೊಳಗೆ ಎದ್ದದ್ದು ಸಂತೋಷ, ಅದಕ್ಕೆ ಬೇರೆ ಹೆಸರಿರಲಿಲ್ಲ. ಮಗಳು ಪರೀಕ್ಷೆ ಪಾಸಾದಾಗ, ಹೆರಿಗೆ ಸುಸೂತ್ರವಾದಾಗ ಬರುವಂಥ, ಕಾಲಿನವರೆಗೂ ಇಳಿಯುವ ಸಂತೋಷ. ಅವಳು ಅಲ್ಲೇ ಕುಸಿದು ನಕ್ಕಳು, ಅತ್ತಳು. ಆಮೇಲೆ ಆಂಜೆಲಾ ನೆನಪಾದಳು.

ಶೆಲ್ಡನ್‌ನನ್ನು ಇನ್ನಂಜೆಯ ಇಗರ್ಜಿಯ ಹಿಂದಿನ ಸಿಮೆಟ್ರಿಯಲ್ಲಿ ಮಣ್ಣು ಮಾಡಿದರು. ಮುಚ್ಚಿದ ಪೆಟ್ಟಿಗೆಯನ್ನು ಹಗ್ಗದಲ್ಲಿ ಇಳಿಸಿದ ಮೇಲೆ ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿದರು. ಕುಶಲಾಳೂ ಹಾಕಿದಳು. ಹಾಕಿ, ತಿರುಗಿ, ಗೇಟಿನವರೆಗೆ ಒಂದೇ ಸಮನೆ ನಡೆದಳು. ಹಿಂದಕ್ಕೆ ನೋಡಲಿಲ್ಲ. ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡಳು. ಆಂಜೆಲಾಳ ಎದುರು ನಿಂತು ಒಂದು ಮಾತಾಡುವ ಧೈರ್ಯ ಅವಳಿಗೆ ಆಗಲಿಲ್ಲ. ತನ್ನ ಸಂತೋಷ ಮುಖದ ಮೇಲೆ ಎಲ್ಲಿಯಾದರೂ ಉಳಿದುಬಿಟ್ಟಿದೆಯೋ ಎಂಬ ಭಯ.

ದಿನ ಕಳೆದಂತೆ ಆ ಸಂತೋಷ ಹೋಯಿತು. ಮೊದಮೊದಲು ಜನ ಬಂದು ಭರವಸೆ ಹೇಳಿದರು: ಯಾವುದೋ ಹಡಗಿನವರು ಎತ್ತಿಕೊಂಡಿರಬಹುದು, ಯಾವುದೋ ದೇಶದ ಆಸ್ಪತ್ರೆಯಲ್ಲಿರಬಹುದು, ಕೆಲವರು ವರ್ಷ ಕಳೆದು ಬಂದದ್ದುಂಟು. ಹೇಳಿದವರು ಮನೆಗೆ ಹೋಗಿ ಮರೆತರು. ಕುಶಲಾ ಮರೆಯಲಿಲ್ಲ. ದಿನವೂ ಸಂಜೆ ಶ್ರವಣನ ಬಟ್ಟಲಿಗೆ ಅನ್ನ ಬಡಿಸಿ, ಮೇಲೊಂದು ತಟ್ಟೆ ಮುಚ್ಚಿ ಇಡುವಳು. ಬಂದರೆ ಉಣ್ಣಲಿ. ಬೆಳಿಗ್ಗೆ ಅದನ್ನು ಕೋಳಿಗೆ ಹಾಕುವಳು. ಸುಂದರ ಕಂಡೂ ಕಾಣದವನಂತಿದ್ದ.

ನವೆಂಬರ್ ಎರಡು ಕ್ರೈಸ್ತರಿಗೆ ಸತ್ತವರ ದಿನ. ಅದಕ್ಕೆ ವಾರ ಮೊದಲೇ ಸಿಮೆಟ್ರಿಯ ಹುಲ್ಲು ಕೀಳುತ್ತಾರೆ, ಶಿಲುಬೆಗಳಿಗೆ ಬಣ್ಣ ಹಚ್ಚುತ್ತಾರೆ, ಮಣ್ಣಿನ ದಿಬ್ಬಗಳನ್ನು ಕೈಯಲ್ಲೇ ತಟ್ಟಿ ಸರಿ ಮಾಡುತ್ತಾರೆ. ಆ ದಿನ ಪ್ರತಿ ಮನೆಯವರೂ ತಮ್ಮ ತಮ್ಮ ಸಮಾಧಿಯ ಪಕ್ಕ ಹೂವು, ಮೇಣದ ಬತ್ತಿ ಹಿಡಿದು ನಿಲ್ಲುತ್ತಾರೆ. ಪಾದ್ರಿಗಳು ಸಾಲು ಸಾಲಾಗಿ ಬಂದು ತೀರ್ಥ ಚಿಮುಕಿಸುತ್ತಾರೆ. ಕುಶಲಾಳಿಗೆ ಇದು ಗೊತ್ತು. ಪ್ರತಿ ವರ್ಷ ಆ ದಿನ ಇನ್ನಂಜೆಯಲ್ಲಿ ಮೀನಿಗೆ ಗಿರಾಕಿ ಕಡಿಮೆ.

ಆ ವರ್ಷ ಅವಳು ಬುಟ್ಟಿಯಿಲ್ಲದೆ ಬಂದಳು. ಸಿಮೆಟ್ರಿಯ ಗೇಟಿನ ಹತ್ತಿರ, ಜನ ಚದುರುವವರೆಗೆ ನಿಂತಳು. ಆಂಜೆಲಾ ಮಗನ ಸಮಾಧಿಯ ಪಕ್ಕ ಒಬ್ಬಳೇ ಉಳಿದಿದ್ದಳು. ಕುಶಲಾಳನ್ನು ನೋಡಿ ಅವಳು ಕರೆಯಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಕುಶಲಾ ಚಪ್ಪಲಿ ಬಿಟ್ಟು ಒಳಗೆ ಬಂದಳು.

"ಆ ದಿನ ಹಿಂದೆ ತಿರುಗಿಯೂ ನೋಡಲಿಲ್ಲ ನೀನು," ಎಂದಳು ಆಂಜೆಲಾ. "ಮಣ್ಣು ಹಾಕಿ ಹೋದೆ, ಋಣ ಮುಗಿಯಿತು ಅನ್ನುವ ಹಾಗೆ."

"ನಮ್ಮಲ್ಲಿ ತಿರುಗಿ ನೋಡಬಾರದು ಬಾಯಮ್ಮ. ನೋಡಿದರೆ ಹೋದವನಿಗೆ ಹೋಗಲಿಕ್ಕೆ ಆಗುವುದಿಲ್ಲ ಅಂತ."

"ನನಗೆ ಯಾರೂ ಹೇಳಲಿಲ್ಲ. ನಾನು ಎಂತೆಂತದೋ ಎಣಿಸಿದೆ."

"ನೀವು ಎಣಿಸಿದ್ದು ಸರಿಯೇ ಉಂಟು," ಎಂದಳು ಕುಶಲಾ. "ಮಣಿಪಾಲದಲ್ಲಿ ನಾನು ಬೇಡಿಕೊಂಡದ್ದು..."

"ಗೊತ್ತುಂಟು. ನಾನೂ ಅದನ್ನೇ ಬೇಡಿದ್ದು. ಇದು ಅವಳ ಮಗನಾಗಲಿ ದೇವರೇ ಅಂತ, ಮನಸ್ಸಿನಲ್ಲಿ ಹೆಸರು ಹೇಳಿಯೇ ಬೇಡಿದ್ದು." ಆಂಜೆಲಾ ಬಾಗಿ ಒಂದು ಬತ್ತಿಯ ಮೇಣವನ್ನು ಉಗುರಿನಲ್ಲಿ ಕೆರೆದಳು. "ನಿನ್ನ ಬೇಡಿಕೆ ನಡೆಯಿತು. ಆದರೆ ಈಗ ನೋಡು, ಗೆದ್ದದ್ದು ನಾನು. ನನಗೆ ಬಂದು ಕೂರಲಿಕ್ಕೆ ಇಷ್ಟು ಜಾಗ ಉಂಟು. ನಿನಗೆ ಎಂತ ಉಂಟು?"

ಕುಶಲಾಳಿಗೆ ಸಿಟ್ಟು ಬರಲಿಲ್ಲ. ಅಷ್ಟು ದಿನಗಳಲ್ಲಿ ಅವಳೊಡನೆ ಸುತ್ತಿಬಳಸದೆ ಮಾತಾಡಿದವರು ಬೇರೆ ಯಾರೂ ಇರಲಿಲ್ಲ. ಅವಳು ದಿಬ್ಬದ ಪಕ್ಕ ನೆಲದ ಮೇಲೆ ಕುಳಿತಳು. ತೇವದ ಕೆಂಪು ಮಣ್ಣು ಅವಳ ಸೀರೆಗೆ ಅಂಟಿತು. ಇಲ್ಲಿ ಮಲಗಿರುವವನು ತನ್ನ ಮಗನಾಗಿದ್ದರೆ, ಎಂದು ಆಗ ಅವಳಿಗೆ ಮೊದಲ ಸಲ ಅನ್ನಿಸಿತು. ತಾನು ಬೇಡಿದ್ದನ್ನು ಹಿಂದಕ್ಕೆ ಪಡೆಯಲು ದಾರಿ ಇದ್ದಿದ್ದರೆ.

ಸಿಮೆಟ್ರಿಯ ನಡುವೆ ಒಂದು ದೊಡ್ಡ ಶಿಲುಬೆ. ಅದರ ಬುಡದಲ್ಲಿ ಹತ್ತಾರು ಬತ್ತಿಗಳು ಒಟ್ಟಿಗೆ ಉರಿಯುತ್ತಿದ್ದವು.

"ಅದು ಇಲ್ಲಿ ಸಮಾಧಿ ಇಲ್ಲದವರದ್ದು," ಎಂದಳು ಆಂಜೆಲಾ. "ಬೊಂಬಾಯಿಯಲ್ಲಿ ಸತ್ತವರು, ಗಲ್ಫಿನಲ್ಲಿ ಸತ್ತವರು. ಇವನ ಅಪ್ಪನಿಗೆ ಇಷ್ಟು ವರ್ಷ ನಾನು ಹಚ್ಚಿದ್ದು ಅಲ್ಲಿಯೇ. ತಗೋ, ನೀನೂ ಒಂದು ಹಚ್ಚು."

ಕುಶಲಾ ಬತ್ತಿಯನ್ನು ಕೈಗೆ ತೆಗೆದುಕೊಂಡಳು. ಶಿಲುಬೆಯವರೆಗೆ ಹೋಗಿ ನಿಂತು ಮರಳಿ ಬಂದಳು.

"ಆಗುವುದಿಲ್ಲ ಬಾಯಮ್ಮ. ಹಚ್ಚಿದರೆ ಅವನು ಸತ್ತ ಹಾಗೆ."

"ಹಚ್ಚದಿದ್ದರೆ?"

ಆಂಜೆಲಾ ಬತ್ತಿಯನ್ನು ಮರಳಿ ಪಡೆದು ಶೆಲ್ಡನ್‌ನ ತಲೆಯ ಕಡೆ ಹಚ್ಚಿದಳು. ಆ ದಿನದಿಂದ ಕುಶಲಾ ವಾರಕ್ಕೊಮ್ಮೆಯಾದರೂ ಬರತೊಡಗಿದಳು. ಬುಟ್ಟಿಯನ್ನು ಗೋಡೆಯಾಚೆ ಇಟ್ಟು ಒಳಗೆ ಬಂದು, ದಿಬ್ಬದ ಮೇಲೆ ಚಿಗುರಿದ ಕಳೆ ಕಿತ್ತು ಹೋಗುವಳು. ಕೊನೆಯ ಗಳಿಗೆಯಲ್ಲಿ ತನ್ನ ಮಗನನ್ನು ಕಂಡವನು ಆ ಮಣ್ಣಿನ ಕೆಳಗಿದ್ದ. ಸದ್ಯಕ್ಕೆ ಅವಳಿಗೆ ಅಷ್ಟೇ ಸಿಕ್ಕಿದ್ದು.

ಮನೆಯಲ್ಲಿ ಬೇರೆ ಮಾತು ಎದ್ದಿತ್ತು. ಆಶ್ರಿತಾಳಿಗೆ ಕಾರ್ಕಳದ ರೋಹಿತ್ ಎಂಬ ಹುಡುಗನೊಡನೆ ನಿಶ್ಚಯವಾಗಿತ್ತು, ಬೋಟು ಮುಳುಗುವ ಮೊದಲೇ. ಸಾವಿನ ಕ್ರಿಯೆ ಬಾಕಿ ಇರುವ ಮನೆಯಲ್ಲಿ ಮದುವೆ ಮಾಡುವ ಹಾಗಿಲ್ಲ. ದೇಹ ಸಿಗದವರಿಗೂ ಅವರಲ್ಲಿ ಒಂದು ಕ್ರಮವಿದೆ: ದರ್ಭೆಯಲ್ಲಿ ಮನುಷ್ಯನ ರೂಪ ಮಾಡಿ, ಅದನ್ನೇ ದೇಹವೆಂದು ಸುಟ್ಟು, ಹದಿಮೂರನೆಯ ದಿನ ಬೊಜ್ಜ ಎಂಬ ಉತ್ತರಕ್ರಿಯೆ ಮಾಡುವುದು. ಬೊಜ್ಜವಾದ ಮೇಲೆಯೇ ಸತ್ತವನು ಹಿರಿಯರ ಸಾಲಿಗೆ ಸೇರುವುದು. ಕುಶಲಾಳ ಅಣ್ಣ ಮುದ್ದಣ್ಣ ಊರಿನ ಮೊಗವೀರ ಮೀನುಗಾರರ ಗುರಿಕಾರ. ಇಂಥ ಕ್ರಮಗಳನ್ನು ನಡೆಸುವ ಹೊಣೆ ಅವನದ್ದು. ತಂಗಿಯ ಮಗನಿಗೆ ಹಕ್ಕು ಹೋಗುವ ಅಳಿಯಸಂತಾನದ ಲೆಕ್ಕದಲ್ಲಿ ಶ್ರವಣ್ ಅವನ ವಾರಸುದಾರ. ತನ್ನ ಚಿತೆಗೆ ಬೆಂಕಿ ಇಡಬೇಕಾದವನಿಗೆ ತಾನು ಬೆಂಕಿ ಇಡುವುದು ಅವನಿಗೂ ಬೇಕಾಗಿರಲಿಲ್ಲ. ಆದರೂ ತಿಂಗಳಿಗೊಮ್ಮೆ ಬಂದು ಕೂರುವನು.

"ಅವನು ಎಲ್ಲಿಯೂ ಸಲ್ಲದೆ ಅಲೆಯುತ್ತಿದ್ದಾನೆ, ತಂಗಿ."

"ಅಲೆಯಲಿಕ್ಕೆ ಅವನು ಸತ್ತಿದ್ದಾನೆ ಅಂತ ನಿನಗೆ ಯಾರು ಹೇಳಿದ್ದು?"

"ಮತ್ತೆ ಎಂತ, ಅಬುಧಾಬಿಯಲ್ಲಿ ಕೆಲಸಕ್ಕೆ ಸೇರಿದ್ದಾನಾ?"

ಹೀಗೆಂದು ಅವನೇ ತಲೆ ತಗ್ಗಿಸುವನು. ರೋಹಿತನ ಮನೆಯವರು ಕಾರ್ಕಳದಿಂದ ಒಂದು ಸಲ ಬಂದು, ಅವಸರವೇನಿಲ್ಲ ಎಂದು ಎರಡೆರಡು ಬಾರಿ ಹೇಳಿ ಹೋದರು. ಅವರು ಹೋದ ಮೇಲೆ ಆಶ್ರಿತಾ ಲೋಟಗಳನ್ನು ತೊಳೆಯುತ್ತಾ, ಬೆನ್ನು ತಿರುಗಿಸಿಯೇ ಹೇಳಿದಳು: "ಅಮ್ಮಾ, ನನ್ನ ಮದುವೆಗೆ ಬೇಕಾಗಿ ಅವನನ್ನು ಸಾಯಿಸಬೇಡಿ. ಬೇರೆ ಯಾವುದಕ್ಕೆ ಬೇಕಾದರೂ ಒಪ್ಪಿ, ಇದಕ್ಕೆ ಬೇಡ."

ಕುಶಲಾ ಯಾವುದಕ್ಕೂ ಒಪ್ಪಲಿಲ್ಲ. ಮಳೆ ಹಿಡಿಯಿತು, ಬೋಟುಗಳು ಮತ್ತೆ ದಡಕ್ಕೆ ಬಂದು ಕಟ್ಟಿಕೊಂಡವು, ಆಟಿ ತಿಂಗಳು ಬಂತು.

ಆಟಿಯಲ್ಲಿ ತುಳುವರ ಮನೆಗಳಲ್ಲಿ ಸತ್ತವರಿಗೆ ಬಡಿಸುತ್ತಾರೆ. ಒಳಕೋಣೆಯಲ್ಲಿ ದೀಪ ಹಚ್ಚಿ, ಹಿರಿಯರ ಹೆಸರಿಗೆ ಒಂದೊಂದು ಬಾಳೆ ಎಲೆ ಹಾಕಿ, ಅನ್ನ, ಕೋಳಿ, ಮೀನು, ಅವರವರಿಗೆ ಇಷ್ಟವಾದದ್ದನ್ನು ಇಟ್ಟು ಬಾಗಿಲು ಮುಚ್ಚುವುದು. ಅವರು ಉಂಡು ಹೋಗುವಷ್ಟು ಹೊತ್ತು ಹೊರಗೆ ಕಾಯುವುದು. ಬಾಗಿಲು ತೆಗೆಯುವ ಮುಂಚೆ ಒಮ್ಮೆ ಕೆಮ್ಮುವುದು. ಏಕಾಏಕಿ ಒಳಗೆ ಹೋಗಿ ಉಣ್ಣುವವರನ್ನು ಬೆದರಿಸಬಾರದು.

ಕುಶಲಾಳ ತಾಯಿಯ ಕಡೆಯ ಕುಟುಂಬದ ಮನೆ ಕಾಪುವಿನಲ್ಲೇ ಇದೆ. ಪ್ರತಿ ವರ್ಷದಂತೆ ಅಡುಗೆಗೆ ಅವಳೇ ಹೋದಳು. ಮುದ್ದಣ್ಣ ಎಲೆ ಹಾಕುತ್ತಾ ಹೆಸರು ಹೇಳುತ್ತಿದ್ದ: ಅಜ್ಜ, ಅಜ್ಜಿ, ದೊಡ್ಡ ಮಾವ, ಚಿಕ್ಕಂದಿನಲ್ಲೇ ತೀರಿಕೊಂಡ ಒಬ್ಬ ತಂಗಿ, ಕೊನೆಗೆ ಅಮ್ಮ. ಅಲ್ಲಿಗೆ ನಿಲ್ಲಿಸಿದ. ಬಡಿಸಲು ಪಾತ್ರೆ ಹಿಡಿದು ನಿಂತಿದ್ದ ಕುಶಲಾ ಕೊನೆಯ ಎಲೆಯ ಪಕ್ಕದ ಖಾಲಿ ನೆಲವನ್ನು ನೋಡಿದಳು.

"ಶ್ರವಣನಿಗೆ?"

ಮುದ್ದಣ್ಣ ತಲೆ ಎತ್ತಿದ. ಅವಳು ತಾನಾಗಿ ಕೇಳಿದ್ದು ಅದೇ ಮೊದಲು.

"ಬೊಜ್ಜ ಆಗದೆ ಎಲೆ ಹಾಕುವ ಹಾಗಿಲ್ಲ, ತಂಗಿ."

"ಸುಮ್ಮನೆ ಹಾಕು. ಒಂದು ಎಲೆ ಅಲ್ವಾ?"

"ಹಾಕಿದರೂ ಅವನಿಗೆ ಮುಟ್ಟುವುದಿಲ್ಲ. ಹೊಸಿಲು ದಾಟಿ ಒಳಗೆ ಬರಲಿಕ್ಕೆ ಆಗುವುದಿಲ್ಲ ಅವನಿಗೆ. ಇವರೆಲ್ಲ ಉಣ್ಣುವಾಗ ಹೊರಗೆ ನಿಲ್ಲಬೇಕು."

ಕುಶಲಾ ಬಡಿಸಿದಳು. ಅಮ್ಮನ ಎಲೆಗೂ ಬಡಿಸಿ ಹೊರಗೆ ಬಂದಳು. ಬಾಗಿಲು ಮುಚ್ಚಿತು. ಎಲ್ಲರೂ ಚಾವಡಿಯಲ್ಲಿ ಕುಳಿತರು. ಅವಳು ಮಾತ್ರ ಅಂಗಳಕ್ಕೆ ಇಳಿದು, ಸೂರಿನಿಂದ ನೀರು ಬೀಳುವಲ್ಲಿ ನಿಂತಳು. ಅವಳು ದಿನವೂ ಬಟ್ಟಲಲ್ಲಿ ಇಟ್ಟ ಅನ್ನ ಬದುಕಿರುವ ಮಗನಿಗೆ. ಅವನು ಬದುಕಿಲ್ಲದಿದ್ದರೆ ಆ ಅನ್ನ ಅಷ್ಟೂ ಕೋಳಿಗೆ ಹೋಗಿತ್ತು. ಸತ್ತವರಿಗೆ ಬಡಿಸುವ ಮನೆಯಲ್ಲಿ ಅವನಿಗೆ ಜಾಗವಿಲ್ಲ, ಏಕೆಂದರೆ ತಾಯಿ ಒಪ್ಪಿಲ್ಲ. ಒಳಗೆ ಅವನ ಅಜ್ಜಿ ಉಣ್ಣುತ್ತಿದ್ದಾಳೆ. ಮೀನಿನ ಸಾರಿನ ಪರಿಮಳ ಅಂಗಳದವರೆಗೂ ಬರುತ್ತಿದೆ. ಅವನು ಇಲ್ಲೇ ಎಲ್ಲೋ, ಈ ಮಳೆಯಲ್ಲಿ, ಅಮ್ಮ ಹೂಂ ಎನ್ನುವುದನ್ನು ಕಾಯುತ್ತಾ ನಿಂತಿರಬಹುದು. ಹೆತ್ತ ಮೇಲೆ ಅವಳು ಅವನನ್ನು ಒಂದು ದಿನವೂ ಉಪವಾಸ ಕೆಡವಿದವಳಲ್ಲ.

ಊಟ ಮುಗಿದು ಜನ ಹೊರಟಾಗ ಅವಳು ಅಣ್ಣನ ಹತ್ತಿರ ಬಂದಳು. ಸೀರೆಯಿಂದ ನೀರು ಇಳಿಯುತ್ತಿತ್ತು.

"ಭಟ್ಟರಿಗೆ ಹೇಳು," ಎಂದಳು.

ಎಲ್ಲೂರಿನಿಂದ ಭಟ್ಟರು ಬಂದದ್ದು ಮಳೆ ಹೊಳವಾದ ಒಂದು ಬೆಳಿಗ್ಗೆ. ಕುಶಲಾಳ ಅಂಗಳದಲ್ಲಿ ಹಲಗೆ ಹಾಸಿ ದರ್ಭೆ ಹರಡಿದರು. ಕಟ್ಟಿ, ಕಟ್ಟಿ, ಕೈ ಮಾಡಿದರು, ಕಾಲು ಮಾಡಿದರು, ತಲೆಯ ಜಾಗಕ್ಕೆ ತೆಂಗಿನಕಾಯಿ ಇಟ್ಟರು. ಕೇರಿಯವರೆಲ್ಲ ಸೇರಿದ್ದರು. ಆಂಜೆಲಾ ಇನ್ನಂಜೆಯಿಂದ ರಿಕ್ಷಾ ಮಾಡಿಕೊಂಡು ಬಂದು ಹೆಂಗಸರ ಸಾಲಿನ ತುದಿಯಲ್ಲಿ ನಿಂತಿದ್ದಳು. ಬಿಳಿ ಬಟ್ಟೆ ಹೊದಿಸುವ ಮುಂಚೆ ಭಟ್ಟರು ತಾಯಿಯನ್ನು ಕರೆದರು. ಕುಶಲಾ ಹತ್ತಿರ ಹೋಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಇದು ಅವನಲ್ಲ."

ಮತ್ತೆ ಶುರುವಾಯಿತು ಎಂದು ಕೇರಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುದ್ದಣ್ಣ ಮುಂದೆ ಬಂದ.

"ಅವನು ಇಷ್ಟು ಗಿಡ್ಡ ಇರಲಿಲ್ಲ," ಎಂದಳು ಕುಶಲಾ.

"ಅಮ್ಮಾ, ಇದು ಒಂದು ಸಂಕೇತ ಮಾತ್ರ," ಎಂದರು ಭಟ್ಟರು ಮೆಲ್ಲಗೆ. "ಉದ್ದ ಗಿಡ್ಡದ ಪ್ರಶ್ನೆ ಬರುವುದಿಲ್ಲ."

"ನಿಮಗೆ ಬರುವುದಿಲ್ಲ. ಅವನ ಬೈಕಿನ ಸೀಟಿನಲ್ಲಿ ಅವನ ಅಪ್ಪನಿಗೆ ಕೂರಲಿಕ್ಕೆ ಆಗುತ್ತಿರಲಿಲ್ಲ, ಕಾಲು ನೆಲಕ್ಕೆ ಸಿಗದೆ." ಅವಳು ಸುಂದರನ ತೋಳು ಹಿಡಿದು ಎಳೆದು ಹಲಗೆಯ ಪಕ್ಕ ನಿಲ್ಲಿಸಿದಳು. "ಇವರಿಗಿಂತ ನಾಲ್ಕು ಬೆರಳು ಹೆಚ್ಚು ಹಿಡಿಯಿರಿ. ನಾನು ಸುಡುವುದಾದರೆ ನನ್ನ ಮಗನನ್ನು ಸುಡುತ್ತೇನೆ, ಮತ್ಯಾರನ್ನೋ ಅಲ್ಲ."

ಸುಂದರ ಕೈ ಜೋಡಿಸಿಕೊಂಡು, ಅಳತೆಗೆ ನಿಂತ ಶಾಲೆಯ ಹುಡುಗನಂತೆ ನೆಟ್ಟಗೆ ನಿಂತ. ಒಂದು ವರ್ಷದಿಂದ ಅಳದಿದ್ದ ಅವನು ಆಗ ನಿಂತಲ್ಲೇ ಅತ್ತ. ಭಟ್ಟರು ಗಂಟು ಬಿಚ್ಚಿ, ದರ್ಭೆ ಸೇರಿಸಿ ಮೊದಲಿನಿಂದ ಕಟ್ಟಿದರು. ಕುಶಲಾ ಕುಕ್ಕರಗಾಲಿನಲ್ಲಿ ಕುಳಿತು ನೋಡಿದಳು. ಭುಜದಲ್ಲಿ ಸ್ವಲ್ಪ ಸರಿ ಮಾಡಿಸಿದಳು. ಮುಗಿದಾಗ ಅವಳು ಕೈ ಚಾಚಿ ಅದರ ಎದೆಯ ಮೇಲಿಟ್ಟಳು. ಹುಲ್ಲು ಹಸಿಯಾಗಿತ್ತು, ತಣ್ಣಗಿತ್ತು.

"ಹೂಂ," ಎಂದಳು. "ಇವನೇ."

ಗಂಡಸರು ಅದನ್ನು ಹೆಗಲಿಗೆ ಎತ್ತಿ ಅಂಗಳ ದಾಟಿದರು. ಅದು ಎದುರಿನಿಂದ ಹಾದುಹೋಗುವಾಗ ಆಂಜೆಲಾ ಅಭ್ಯಾಸಬಲದಿಂದ ಬಾಗಿ ಒಂದು ಹಿಡಿ ಹೊಯಿಗೆ ಮಣ್ಣು ಎತ್ತಿಕೊಂಡಳು. ಎತ್ತಿದ ಮೇಲೆ ಅದನ್ನು ಹಾಕಲು ಇಲ್ಲಿ ಗುಂಡಿಯಿಲ್ಲ ಎಂಬುದು ಅವಳಿಗೆ ಹೊಳೆಯಿತು. ಏನು ಮಾಡಬೇಕೆಂದು ತಿಳಿಯದೆ ಅವಳು ಮುಷ್ಟಿ ಬಿಗಿ ಹಿಡಿದು ನಿಂತಳು. ಕುಶಲಾ ಅದನ್ನು ಕಂಡು ಹತ್ತಿರ ಬಂದು, ಆ ಮುಷ್ಟಿಯನ್ನು ತನ್ನ ಎರಡು ಕೈಯಲ್ಲಿ ಹಿಡಿದಳು. ದಡದ ಕಡೆ ಹೊಗೆ ಏಳುವವರೆಗೆ ಇಬ್ಬರೂ ಹಾಗೆಯೇ ನಿಂತಿದ್ದರು. ಬೆರಳ ಸಂದಿನಿಂದ ಹೊಯಿಗೆ ಸ್ವಲ್ಪಸ್ವಲ್ಪವೇ ಜಾರಿ ಅಂಗಳಕ್ಕೇ ಬಿತ್ತು.

ಬೊಜ್ಜದ ಮಧ್ಯಾಹ್ನ ಊರಿಗೆಲ್ಲ ಊಟ. ಸಂಜೆ ನೆಂಟರು ಹೊರಟ ಮೇಲೆ ಮನೆಯವರು ಮಾತ್ರ ಉಳಿದರು: ಕುಶಲಾ, ಸುಂದರ, ಆಶ್ರಿತಾ, ಮುದ್ದಣ್ಣ. ಒಳಕೋಣೆಯಲ್ಲಿ ಶ್ರವಣನಿಗೆ ಬಡಿಸುವುದು ಅಷ್ಟೇ ಬಾಕಿ. ಬಂಗುಡೆಯ ಪುಳಿಮುಂಚಿ ಸಾರನ್ನು ಕುಶಲಾ ಯಾರ ಕೈಗೂ ಬಿಡದೆ ತಾನೇ ಮಾಡಿದ್ದಳು. ಮೀನನ್ನು ಮಲ್ಪೆಯಲ್ಲಿ ತಾನೇ ಆರಿಸಿ ತಂದದ್ದು. ಮುದ್ದಣ್ಣ ಎಲೆ ಹಾಕಿ ಶ್ರವಣನ ಹೆಸರು ಹೇಳಿದ. ಕುಶಲಾ ಕುಚ್ಚಲಕ್ಕಿ ಅನ್ನ ಬಡಿಸಿದಳು, ಪಕ್ಕದಲ್ಲಿ ಮೀನು, ಇನ್ನೊಂದು ಮೀನು, ಮಸಾಲೆ ಹೆಚ್ಚು ಬೇಕು ಅವನಿಗೆ ಎಂದು ಇನ್ನಷ್ಟು ಮಸಾಲೆ. ಲೋಟದಲ್ಲಿ ನೀರಿಟ್ಟು, ದೀಪದ ಬತ್ತಿ ಏರಿಸಿ ಹೊರಗೆ ಬಂದು ಬಾಗಿಲು ಎಳೆದುಕೊಂಡಳು.

ಚಾವಡಿಯಲ್ಲಿ ನಾಲ್ವರೂ ಗೋಡೆಗೆ ಒರಗಿ ಕುಳಿತರು. ಸಾಮಾನ್ಯವಾಗಿ ಕಾಯುವಷ್ಟು ಹೊತ್ತು ಕಳೆಯಿತು. ಮುದ್ದಣ್ಣ ಮೊಣಕಾಲಿಗೆ ಕೈಯೂರಿ ಎದ್ದು, ಬಾಗಿಲ ಹತ್ತಿರ ಹೋಗಿ ಕೆಮ್ಮಲು ಗಂಟಲು ಸರಿಪಡಿಸಿಕೊಂಡ.

"ಇರು ಅಣ್ಣ," ಎಂದಳು ಕುಶಲಾ. "ಮುಳ್ಳು ಬಿಡಿಸಲಿಕ್ಕೆ ಅವನಿಗೆ ಸರಿಯಾಗಿ ಬರುವುದಿಲ್ಲ. ನಾನೇ ಬಿಡಿಸಿ ಕೊಡುವುದು. ಒಬ್ಬನೇ ತಿನ್ನುವಾಗ ಹೊತ್ತು ಹಿಡಿಯುತ್ತದೆ."

ಮುದ್ದಣ್ಣ ಬಾಗಿಲಿನಿಂದ ಸರಿದು ಬಂದು, ಶಬ್ದ ಮಾಡದ ಹಾಗೆ ಮತ್ತೆ ಕುಳಿತ.